ಹುಲ್ಲು ಕತ್ತರಿಸುವ ಯಂತ್ರ ಮತ್ತು ಬಸಪ್ಪನ ಎಮ್ಮೆ

ಗೆಳೆಯರೆ, ದಾಂಡೇಲಿಯ ನಮ್ಮ ಸಾಹೇಬರ ಬಂಗಲೆಗೆ ಎರಡೆಕರೆ ತೋಟವಿದೆ. ಅವರ ಗುಮಾಸ್ತನಾದ ನಾನೇ ಕ್ಯಾಟಲಾಗು ನೋಡಿ ಮುಂಬಯಿಯಿಂದ ತರಿಸಿದ ಹುಲ್ಲು ಕತ್ತರಿಸುವ ಯಂತ್ರ ಇಂದು ಬೆಳಿಗ್ಗೆ ಬಂತು. ಸಾಹೇಬರು ಖುಷಿಯಿಂದ ತಾವೇ ತಳ್ಳಿದರು. ಕೊಯ್ದ ಹುಲ್ಲನ್ನು ದಿನವೂ ತನ್ನ ಎಮ್ಮೆಗೆ ಒಯ್ಯುವ ಮಾಲಿ ಬಸಪ್ಪ ಕುಡುಗೋಲು ಹಿಡಿದು ನೋಡುತ್ತಿದ್ದ.

“ಸಾಹೇಬ್ರ, ಹುಲ್ಲು ಪುಡಿಪುಡಿ ಆತಲ್ರಿ. ನಮ್ಮ ಎಮ್ಮಿ ಏನ ತಿನ್ನಬೇಕ್ರಿ?”

“ನಿನ್ನ ಎಮ್ಮಿ ಚಿಂತಿ ನನಗ್ಯಾಕೋ?” ಎಂದರು ಸಾಹೇಬರು.

ಒಳಗಿನಿಂದ ಅವರ ಹೆಂಡತಿ ಕೂಗಿದರು: “ಯಾಕಂದ್ರ, ನೀವು ಈಗ ಕುಡದ ಚಾದಾಗ ಅದರದ ಹಾಲು ಇತ್ತಲ್ರಿ!”

ಮಧ್ಯಾಹ್ನ ಬಸಪ್ಪ ಕುಡುಗೋಲಿನಿಂದಲೇ ಹುಲ್ಲು ಕೊಯ್ಯುತ್ತಿದ್ದ. ಯಂತ್ರ ವರಾಂಡದಲ್ಲಿತ್ತು, ಅದರ ಹಿಡಿಕೆಗೆ ಸಾಹೇಬರ ಟೋಪಿ ನೇತಾಡುತ್ತಿತ್ತು. ಎಮ್ಮೆಯನ್ನೂ ಒಂದು ಮಾತು ಕೇಳಬೇಕೆಂದು ಕ್ಯಾಟಲಾಗಿನಲ್ಲಿ ಎಲ್ಲೂ ಬರೆದಿರಲಿಲ್ಲ.