ಗದ್ದೆಯ ಸೊಲ್ಲು ಪೇಟೆಗೆ ಹೋದದ್ದು

ಅತ್ತೆಯನ್ನು ನಾನು ಹೊಗಳಿದರೆ ನಮ್ಮ ಕೇರಿಯ ಹೆಂಗಸರು ಈಗಲೂ ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಅವರು ಬದುಕಿದ್ದಷ್ಟು ಕಾಲ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ. ನಾನು ಸಾರಿಗೆ ಹುಳಿ ಹೆಚ್ಚು ಹಾಕುತ್ತೇನೆಂದು ಅವರು, ಅವರು ಮಾತಿಗೆ ಹುಳಿ ಹೆಚ್ಚು ಹಾಕುತ್ತಾರೆಂದು ನಾನು. ಆದರೆ ಅವರ ದನಿಯ ವಿಷಯಕ್ಕೆ ಬಂದರೆ ನಾನು ತೆಪ್ಪಗಿರುತ್ತಿದ್ದೆ. ಕಾಯ್ಕಿಣಿಯ ಬಯಲಿನಲ್ಲಿ ಅವರು ಹಾಡಿದರೆ ಮಾವಳ್ಳಿ ಕಡೆಗೆ ಹೊರಟವರು ಸೈಕಲ್ ಇಳಿದು ನಿಲ್ಲುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು. ಹೊನ್ನಾವರದ ಕಡೆಯಿಂದ ಮದುವೆಯಾಗಿ ಬಂದ ನನಗೆ ಆ ಬಯಲಿನ ಪದ್ಧತಿ ಆಗಷ್ಟೇ ಮೈಗೆ ಹತ್ತಿತ್ತು. ನೆಟ್ಟಿ ಮಾಡುವಾಗ ಒಬ್ಬಳು ಸೊಲ್ಲು ಎತ್ತಬೇಕು, ಸಸಿ ಊರುತ್ತಲೇ ಉಳಿದವರು ಅದನ್ನು ಹಿಡಿದು ತಿರುಗಿ ಹೇಳಬೇಕು. ದಾರಿಯಲ್ಲಿ ಹೋಗುವವರೂ ಗದ್ದೆಯಂಚಿನ ಹಾಳಿಯ ಮೇಲೆ ನಿಂತು ಒಂದು ಸೊಲ್ಲು ಎಸೆಯಬಹುದು. ಹೆಚ್ಚಾಗಿ ಅವು ಕೀಟಲೆಯ ಸೊಲ್ಲುಗಳೇ: ಯಾರ ಗಂಡ ಸೋಮಾರಿ, ಯಾರ ಸೊಸೆ ನಿದ್ದೆಬುರುಕಿ. ಯಾರೇ ಎಸೆಯಲಿ, ಅದನ್ನು ಕೆಳಗೆ ಬೀಳಿಸುವ ಹಾಗಿಲ್ಲ. ಸೊಲ್ಲು ಬಿದ್ದರೆ ಸಸಿ ಏಳುವುದಿಲ್ಲ ಎಂಬುದು ನಂಬಿಕೆ.

ಚುನಾವಣೆಯ ಗಾಳಿ ಎದ್ದಿತ್ತು. ಸುಗ್ಗಿ ಬೆಳೆಯ ನೆಟ್ಟಿಯ ದಿನ ಮೂವರು ತರುಣರು ಟೇಪ್ ರೆಕಾರ್ಡರ್ ಹಿಡಿದು ಹಾಳಿಯ ಮೇಲೆ ಬಂದರು. "ಹಳೇ ಹಾಡೆಲ್ಲ ಹಾಳಾಗ್ತಾ ಇತ್ತು ಅಮ್ಮಾ, ನಿಮ್ಮದೊಂದು ಹಿಡ್ಕಂಡು ಹೋಗ್ತೇವೆ" ಎಂದರು. ಹೊಗಳಿಕೆಗೆ ಸೋಲದ ಹಾಡುಗಾರ್ತಿಯನ್ನು ನಾನಂತೂ ಕಂಡಿಲ್ಲ. ಅತ್ತೆ ಗಂಟಲು ಸರಿಮಾಡಿಕೊಂಡು ಎತ್ತಿದರು: "ತಂಗಿ ಊರಿದ ಸಸಿ ತಂಪಾಗಿ ಬರಲಿ, ಬಂದವರಿಗೆಲ್ಲ ಅನ್ನ ಸಿಗಲಿ." ನಾವು ಹಿಡಿದೆವು. ಹಾಡು ಕಾಲಿಗೆ ಕೈಗೆ ಹರಿದು, ನಡು ಬಗ್ಗಿದ್ದೇ ಮರೆತುಹೋಯಿತು. ಆಗ ಆ ತರುಣರಲ್ಲಿ ಒಬ್ಬ, ಒಳ್ಳೇ ಕಂಠದವನು, ಅದೇ ಧಾಟಿಯಲ್ಲಿ ತನ್ನದೊಂದು ಸೊಲ್ಲು ಎಸೆದ: "ನಮ್ಮೂರ ಅನ್ನ ಉಂಡು ನಮ್ಮವರಾಗದವರ, ನಮ್ಮೂರ ಗಡಿಯಾಚೆ ಕಳಿಸೋಣ."

ಕೈ ಸಸಿಯಲ್ಲಿತ್ತು, ಬಾಯಿ ರೂಢಿಯಲ್ಲಿತ್ತು. ನಾವೆಲ್ಲ ಹಿಡಿದುಬಿಟ್ಟೆವು, ಎಲ್ಲರಿಗಿಂತ ಮೇಲೆ ಅತ್ತೆಯ ದನಿ. ಹೇಳಿ ಮುಗಿದ ಮೇಲೆ ಅವರು ನಡು ಎತ್ತಿ ನೋಡಿ, "ಎಂತ ಸೊಲ್ಲಾ ಇದು?" ಎಂದು ಕೇಳಿದರು. "ಚಲೋ ಬಂತು ಅಮ್ಮಾ, ಆತು" ಎಂದು ಆ ತರುಣರು ಪೆಟ್ಟಿಗೆ ಮುಚ್ಚಿಕೊಂಡು ನಡೆದರು.

ಅದೇ ವಾರ ಹೆದ್ದಾರಿಯಲ್ಲಿ ಚುನಾವಣೆಯ ಪ್ರಚಾರದ ಜೀಪು ಭಟ್ಕಳದ ಕಡೆ ಹೋಯಿತು. ಮೈಕಿನಲ್ಲಿ ಅತ್ತೆಯ ದನಿ. ಆ ತರುಣನ ಗಂಟಲನ್ನು ತೆಗೆದು, ನಾವು ಹಿಡಿದದ್ದನ್ನು ಮಾತ್ರ ಮತ್ತೆ ಮತ್ತೆ ಹಾಕಿದ್ದರು. ಅತ್ತೆ ಅಂಗಳದಲ್ಲಿ ಹರಿವೆ ಸೊಪ್ಪು ಕಟ್ಟುತ್ತಿದ್ದವರು ಹಾಗೇ ಕುಳಿತುಬಿಟ್ಟರು. "ಮೈಕಲ್ಲಿ ಬಂತಲ್ಲೇ ನಿನ್ನ ದನಿ" ಎಂದು ಕೇರಿಯವರು ಖುಷಿಯಿಂದ ಹೇಳಲು ಬಂದರು. ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ, ಬರೀ ದನಿ ಬಿದ್ದಿತ್ತು. ನನಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆಂದು ತಿಳಿಯದೆ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಅತ್ತೆಯ ಸಂಕಟ ನನಗೆ ಗೊತ್ತಿತ್ತು. ಪ್ರತಿ ವಾರ ಅವರು ಬುಟ್ಟಿ ಹೊತ್ತು ಭಟ್ಕಳ ಪೇಟೆಗೆ ತರಕಾರಿ ಮಾರಲು ಹೋಗುತ್ತಿದ್ದರು. ಮಾರಿ ಮುಗಿದ ಮೇಲೆ ಒಂದು ನವಾಯತ ಮುಸಲ್ಮಾನರ ಮನೆಯ ಹಿತ್ತಿಲ ಮೆಟ್ಟಿಲಲ್ಲಿ ಕುಳಿತು, ಆ ಮನೆಯ ಹಿರಿಯಾಕೆಯ ಜೊತೆ ಎಲೆಯಡಿಕೆಯ ಕವಳ ಹಾಕದೆ ಬಂದವರಲ್ಲ. ಇಬ್ಬರೂ ವಿಧವೆಯರು, ಇಬ್ಬರಿಗೂ ಮಂಡಿನೋವು, ಇಬ್ಬರಿಗೂ ಸೊಸೆಯರ ಮೇಲೆ ದೂರು. ಆಕೆಯನ್ನು ಅತ್ತೆ ಅಕ್ಕ ಎನ್ನುತ್ತಿದ್ದರು. ಸ್ವಂತ ಅಕ್ಕನ ಹತ್ತಿರವೂ ಅಷ್ಟು ಮಾತಿರಲಿಲ್ಲ.

ಆ ವಾರ ಅವರು ಪೇಟೆಗೆ ಹೋಗಲಿಲ್ಲ, ಮುಂದಿನ ವಾರವೂ ಹೋಗಲಿಲ್ಲ. ಸೌತೆಕಾಯಿ ಬಳ್ಳಿಯಲ್ಲೇ ಹಣ್ಣಾಯಿತು.

"ಯಾವ ಮುಖ ಹೊತ್ಕಂಡು ಹೋಗೂದೇ?" ಎಂದರು.

"ಇದ್ದದ್ದು ಒಂದೇ ಮುಖ ಅಲ್ದಾ, ಅದನ್ನೇ ಹೊತ್ಕಳಿ. ಬುಟ್ಟಿ ನಾ ಹೊರ್ತೆ" ಎಂದೆ. ಅವರು ಎದ್ದು ಬುಟ್ಟಿಗೆ ಹರಿವೆ ಸೊಪ್ಪು ತುಂಬಿದರು.

ಆ ಮನೆಯ ಗೋಡೆಯ ಹತ್ತಿರ ಬಂದಾಗ ಒಳಗಿನಿಂದ ಹಾಡು ಕೇಳಿತು. ಹಿತ್ತಿಲ ಅಂಗಳದಲ್ಲಿ ಮೊಮ್ಮಕ್ಕಳು ಕೈಕೈ ಹಿಡಿದು ಸುತ್ತು ತಿರುಗುತ್ತ ಹಾಡುತ್ತಿದ್ದರು: "ನಮ್ಮೂರ ಗಡಿಯಾಚೆ ಕಳಿಸೋಣ." ಎಲ್ಲಕ್ಕಿಂತ ಚಿಕ್ಕದು ಕೊನೆಯ ಮಾತಿಗೆ ಕುಪ್ಪಳಿಸುತ್ತಿತ್ತು. ಅತ್ತೆ ಗೋಡೆ ಹಿಡಿದು ನಿಂತರು. ತಿರುಗಿ ಹೋಗೋಣ ಎಂದು ಕಣ್ಣಲ್ಲೇ ಹೇಳಿದರು. ನಾನು ಅವರ ಮೊಣಕೈ ಬಿಡಲಿಲ್ಲ.

ಹಿರಿಯಾಕೆ ನಮ್ಮನ್ನು ಕಂಡು ಹಿತ್ತಿಲ ಬಾಗಿಲು ತೆಗೆದರು. "ಎಲ್ಲಿ ಸತ್ತಿದ್ದೆ ಇಷ್ಟು ದಿನ? ಕವಳದ ಎಲೆ ಒಣಗಿ ಹೋತು" ಎಂದರು.

"ಅಕ್ಕಾ, ಜೀಪಲ್ಲಿ ಬಂದದ್ದು ನಂದೇ ದನಿ."

"ಗೊತ್ತಿಲ್ವಾ ನಂಗೆ? ಅರ್ಧ ಜೀವಮಾನ ಈ ಮೆಟ್ಟಿಲಲ್ಲೇ ಕೇಳಿದ್ದೆ." ಆಕೆ ಮೆಟ್ಟಿಲ ಮೇಲೆ ಕುಳಿತರು. "ಕೇಳಿದ ದಿನ ಊಟ ಸೇರಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ನನ್ನ ಬಿಡು. ಈ ಮಕ್ಕಳಿಗೆ ಮಾತಿನ ಅರ್ಥ ಗೊತ್ತಿಲ್ಲ, ಧಾಟಿ ಚಂದ ಅಂತ ಹಿಡ್ಕಂಡವೆ. ಬೈದು ನೋಡಿದೆ, ಬಿಡೂದಿಲ್ಲ. ನಿನ್ನ ದನಿಯಿಂದ ಬಂದದ್ದು, ನೀನೇ ತೆಗಿ."

ಅತ್ತೆ ಅಂಗಳದ ಧೂಳಿನಲ್ಲೇ ಕುಳಿತರು. ಮೊದಲು ದನಿ ಒಡೆಯಿತು. ಗಂಟಲು ಸರಿಮಾಡಿಕೊಂಡು ಮತ್ತೆ ಎತ್ತಿದರು: "ಬಂದವರಿಗೆಲ್ಲ ಅನ್ನ ಸಿಗಲಿ." ಮಕ್ಕಳು ಸುತ್ತುವುದನ್ನು ನಿಲ್ಲಿಸಿ ಹತ್ತಿರ ಬಂದವು. ಅತ್ತೆ ಎತ್ತಿದರು, ಅವು ಹಿಡಿದವು. ಬಿಸಿಲು ಹಿತ್ತಿಲಿಗೆ ಬರುವ ತನಕ ಅದೇ ನಡೆಯಿತು. ಚಿಕ್ಕದು ಈಗ ಅನ್ನ ಎಂಬ ಮಾತಿಗೆ ಕುಪ್ಪಳಿಸುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಹಿರಿಯಾಕೆ, "ನಿನ್ನ ಸೊಸೆ ಅಳ್ತಾಳೆ ನೋಡೇ, ನೀ ಹೇಳಿದಷ್ಟು ಕೆಟ್ಟವಳಲ್ಲ" ಎಂದರು.

ಜೀಪೇನೂ ನಿಲ್ಲಲಿಲ್ಲ, ಚುನಾವಣೆ ಮುಗಿಯುವ ತನಕ ಓಡಿತು. ಆಮೇಲೆ ಬೇರೆ ಜೀಪುಗಳೂ ಬಂದವು, ಬೇರೆ ದನಿಗಳೂ ಬಂದವು. ಅವುಗಳನ್ನೆಲ್ಲ ತೆಗೆಯಲು ಎಷ್ಟು ಅತ್ತೆಯರು ಬೇಕಿತ್ತೋ.

ಮರುವರ್ಷದ ನೆಟ್ಟಿಯಲ್ಲಿ ಯಾರೋ ಹಾಳಿಯಿಂದ ಒಂದು ಸೊಲ್ಲು ಎಸೆದರು. ಎಂದಿನ ಕೀಟಲೆಯದೇ. ಹಿಡಿಯಲು ನಾನು ಬಾಯಿ ತೆರೆದೆ. ಅತ್ತೆ ಕೆಸರುಗೈ ಎತ್ತಿ ತಡೆದರು. ನಡು ನೆಟ್ಟಗೆ ಮಾಡಿ ಎಸೆದವರ ಮುಖ ನೋಡಿದರು, ಮಾತನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿಕೊಂಡರು, ಆಮೇಲೆ ಹಿಡಿದರು. ನಾವೂ ಹಿಡಿದೆವು. ಅತ್ತೆ ತೀರಿಹೋದ ಮೇಲೆ ಆ ಸಾಲಿನಲ್ಲಿ ಸೊಲ್ಲು ಎತ್ತುವವಳು ನಾನು. ನಮ್ಮ ಹಾಡು ನಡುನಡುವೆ ನಿಲ್ಲುತ್ತದೆಂದು ಹೊರಗಿನವರು ಆಡಿಕೊಳ್ಳುತ್ತಾರೆ. ನಿಲ್ಲುವುದು ನಿಜ. ಸಸಿ ಎದ್ದೇ ಏಳುತ್ತದೆ.