ಹೆಪ್ಪಿನ ಬಟ್ಟಲು

ಟಿಕೋಟಾದ ನಮ್ಮ ಅಡುಗೆಮನೆಯಲ್ಲಿ ಆ ಸಂಜೆ ನಾವು ನಾಲ್ವರಿದ್ದೆವು. ಒಲೆಯ ಮುಂದೆ ಅವ್ವ, ಹೊಸ್ತಿಲಿಗೆ ಒರಗಿ ನೆರೆಮನೆಯ ಹುಸೇನಬಿ ಕಾಕಿ, ರಜೆಗೆಂದು ಬಂದಿದ್ದ ತಂಗಿ ಸುನಂದಾ, ಮತ್ತು ಸ್ಟೇಷನ್ ರಸ್ತೆಯ ಅಂಗಡಿಯನ್ನು ಮಗನಿಗೆ ಒಪ್ಪಿಸಿ, ತಂಗಿಯ ನೆಪದಲ್ಲಿ ಬಿಸಿ ರೊಟ್ಟಿಗಾಗಿ ವಿಜಯಪುರದಿಂದ ಓಡಿಬಂದಿದ್ದ ನಾನು. ಐದನೆಯದಾಗಿ ಹಿಡಿಯುವುದಾದರೆ ಮೊಸರಿನ ಗಡಿಗೆ. ಗಡಿಗೆಗಳು ಎಷ್ಟೋ ಒಡೆದಿವೆ, ಆದರೆ ಅವ್ವ ಮದುವೆಯಾಗಿ ಬರುವಾಗ ನಿಡೋಣಿಯ ತವರಿನಿಂದ ತಂದ ಹೆಪ್ಪು ಮಾತ್ರ ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಇಳಿಯುತ್ತ ಅಣ್ಣತಂಗಿ ನಮ್ಮಿಬ್ಬರಿಗಿಂತ ಹಿರಿಯದಾಗಿ ಬದುಕಿದೆ.

ಕಾಕಿ ಬಂದದ್ದೂ ಹೆಪ್ಪಿಗೇ. ನಮ್ಮ ಓಣಿಯಲ್ಲಿ ಹೆಪ್ಪು ಒಯ್ದ ಬಟ್ಟಲು ಬರಿದಾಗಿ ಮರಳುವುದಿಲ್ಲ. ಒಂದು ಚೂರು ಬೆಲ್ಲ, ನಾಲ್ಕು ಒಣದ್ರಾಕ್ಷಿ, ಏನಾದರೊಂದು ಅದರಲ್ಲಿ ಕೂತು ಬರುತ್ತದೆ.

ಸುನಂದಾಳಿಗೆ ದೊಡ್ಡ ಸಮ್ಮೇಳನವೊಂದರಲ್ಲಿ ಮೊದಲ ಉಪನ್ಯಾಸದ ಗೌರವ ಸಿಕ್ಕಿತ್ತು. ಅವಳು ಜೀವಕೋಶಗಳನ್ನು ಓದುವವಳು. ಚರ್ಮದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಹಾಸಿನಂತೆ ಬೆಳೆಸಿ, ನಡುವೆ ಸೂಕ್ಷ್ಮವಾಗಿ ಗೀರಿ, ಆ ಗಾಯದ ಎರಡೂ ದಡಗಳಿಂದ ಕೋಶಗಳು ತೆವಳಿ ಬಂದು ಒಂದನ್ನೊಂದು ಮುಟ್ಟುವುದನ್ನು ಕಾದು ನೋಡುವುದು ಅವಳ ಬದುಕಿನ ಕೆಲಸ. ಒಣಗದ ಗಾಯಗಳ ಗುಟ್ಟನ್ನು ಬಿಡಿಸಲೆಂದು ಅವಳು ವರ್ಷಗಟ್ಟಲೆ ಸಲಹಿದ ಕೋಶಗಳದೊಂದು ಸಂತತಿಯಿದೆ. ಈಗ ಕಂಡರಿಯದ ದೇಶಗಳವರೂ ಆ ಕೋಶಗಳನ್ನು ಕೇಳಿ ತರಿಸಿಕೊಂಡು, ತಮ್ಮ ಪ್ರಬಂಧಗಳಲ್ಲಿ ಅವಳ ಕೆಲಸವನ್ನು ಉಲ್ಲೇಖಿಸುತ್ತಾರೆ. ಇದನ್ನೆಲ್ಲ ನಾನೇ ಹೆಮ್ಮೆಯಿಂದ ಬಿಡಿಸಿ ಹೇಳಿದೆ. ಅಂಗಡಿಗೆ ಬರುವ ಗಿರಾಕಿಗಳಿಗೆ ಹೇಳಿ ಹೇಳಿ ನನಗದು ಬಾಯಿಪಾಠ.

ಕಾಕಿ ಎಲ್ಲವನ್ನೂ ಕೇಳಿ, "ಅಂದ್ರ ಊರ ಮಂದಿಯೆಲ್ಲಾ ನಿನ್ನ ಕಡೆ ಹೆಪ್ಪ ಇಸ್ಕೊಂಡಾರ. ಬಟ್ಟಲದಾಗ ಏನ್ ಹಾಕಿ ಕಳಸ್ತಾರ?" ಎಂದಳು.

"ನನ್ನ ಹೆಸರ ಬರೀತಾರ, ಕಾಕಿ."

"ಅಷ್ಟನ? ನಾನರ ಬೆಲ್ಲಾ ಕೊಡ್ತೇನಿ ನೋಡ."

ಎಲ್ಲರೂ ನಕ್ಕರು. ಸುನಂದಾ ಮಾತ್ರ ನಗುತ್ತಲೇ ಮೊಸರಿನ ಗಡಿಗೆಯತ್ತ ನೋಡಿದಳು. ಅದರ ಕಾರಣ ನನಗೆ ಗೊತ್ತಿತ್ತು, ನಿಮಗೂ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಮಂಗಳೂರು ಕಡೆಯ ದಿನೇಶ ಎಂಬ ತರುಣ ಸಂಶೋಧಕ ಆ ಕೋಶಗಳನ್ನು ಕೇಳಿದ್ದ. ಅವಳ ಪ್ರಬಂಧ ಆಗಿನ್ನೂ ಅಚ್ಚಾಗಿರಲಿಲ್ಲ. ಈಗ ಕೊಟ್ಟರೆ ಅವನೇ ಮುಂದೆ ಹೋಗಿಬಿಡುತ್ತಾನೆ, ತಡೆದುಕೋ ಎಂದು ಪ್ರಯೋಗಾಲಯದ ಹಿರಿಯರು ಬುದ್ಧಿ ಹೇಳಿದ್ದರು. ತಳಮಳದಿಂದ ಮನೆಗೆ ಫೋನು ಮಾಡಿದ ಮಗಳಿಗೆ ಅವ್ವ ಕೇಳಿದ್ದು ಇಷ್ಟೇ: "ಕೊಟ್ಟ ಮ್ಯಾಲೂ ನಿನ್ನ ಗಡಗ್ಯಾಗ ಉಳೀತೈತಿಲ್ಲೋ? ಮತ್ತ ಬಟ್ಟಲ ಹಿಡಕೊಂಡ ಬಾಗಲದಾಗ ನಿಂತಾಂವನ್ನ ಯಾಕ ಕಾಯಸ್ತಿ, ಯವ್ವಾ?"

ಕೊಟ್ಟಳು. ಹಿರಿಯರು ಹೆದರಿಸಿದಂತೆ ಅವನ ಪ್ರಬಂಧವೇ ಮೊದಲು ಬಂತು. ಕೋಶಗಳು ಸುನಂದಾಳವು ಎಂದು ಅವನು ಮೊದಲಿಗೇ ಬರೆದಿದ್ದನಾದರೂ, ಓದಿದ ದಿನ ಅವಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಅವ್ವನ ಮೇಲೂ ಸಿಟ್ಟಾಗಿದ್ದಳೇನೋ, ಕೇಳುವ ಧೈರ್ಯ ನನಗಾಗಲಿಲ್ಲ. ಆಮೇಲೆ ಅದಕ್ಕಿಂತ ದೊಡ್ಡ ಪೆಟ್ಟು ಬಿತ್ತು. ಅವಳ ತಟ್ಟೆಗಳಿಗೆ ಕಣ್ಣಿಗೆ ಕಾಣದ ಸೋಂಕೊಂದು ಸದ್ದಿಲ್ಲದೆ ನುಗ್ಗಿತ್ತು. ಅತಿಶೀತದಲ್ಲಿ ಕಾಪಿಟ್ಟ ಸೀಸೆಗಳನ್ನು ತೆರೆದರೆ ಅವುಗಳಲ್ಲೂ ಅದೇ. ಎಲ್ಲವನ್ನೂ ಚೆಲ್ಲಬೇಕಾಯಿತು. ತನ್ನ ಕೆಲಸ ಮುಗಿಯಿತೆಂದೇ ಅವಳು ತಿಳಿದಿದ್ದಳು.

ದಿನೇಶನ ಬಳಿ ಇದ್ದವು ಸೋಂಕು ತಗಲುವ ಮೊದಲೇ ಹೋದ ಕೋಶಗಳು. ವಿಷಯ ತಿಳಿದವನೇ ತಾನೇ ಹೊತ್ತು ತಂದು ಅವಳ ಮೇಜಿನ ಮೇಲಿಟ್ಟ. ಇಂದು ಲೋಕ ಹೆಸರಿಸುವ ಅವಳ ಸಾಧನೆಯೆಲ್ಲ ಆ ಮರಳಿ ಬಂದ ಕೋಶಗಳಿಂದ ಬೆಳೆದದ್ದು.

ವಿದ್ವತ್ತಿನ ದೊಡ್ಡಸ್ತಿಕೆಯನ್ನು ಅಳೆಯಲು ಬಲ್ಲವರ ಬಳಿ ಏನೇನೋ ಅಳತೆಗಳಿವೆಯಂತೆ. ಅಂಗಡಿಯವನಾದ ನನಗೆ ತಕ್ಕಡಿಯ ಮೇಲೆ ನಂಬಿಕೆ ಹೆಚ್ಚು. ಆದರೂ ಆ ಸಂಜೆ ಅನ್ನಿಸಿತು, ಹೆಪ್ಪನ್ನು ತೂಗುವವರಾರು? ಎಷ್ಟು ಮನೆಗಳ ಹಾಲು ಅದರಿಂದ ಮೊಸರಾಯಿತೋ ಅದೇ ಅದರ ತೂಕ. ನನ್ನ ತಂಗಿಯ ಹೆಪ್ಪು ನಾವು ಹೆಸರು ಕೇಳದ ಊರುಗಳಲ್ಲೆಲ್ಲ ಈಗ ಮೊಸರಾಗುತ್ತಿದೆ. ಹೆಮ್ಮೆಪಡಬೇಡಿ ಎಂದರೆ ನಾನು ಕೇಳುವವನಲ್ಲ.

ಆಮೇಲೆ, ಚಳಿಗಾಲದಲ್ಲಿ, ದಿನೇಶ ಹೆಂಡತಿ ಮಕ್ಕಳೊಂದಿಗೆ ಗೋಳಗುಮ್ಮಟ ನೋಡಲು ಬಂದವನು ಟಿಕೋಟಾಕ್ಕೂ ಬಂದ. ರೊಟ್ಟಿ, ಖಾರದ ಶೇಂಗಾ ಹಿಂಡಿ, ಮೊಸರು ಉಂಡು, ಹೊರಡುವಾಗ ಅವನ ಹೆಂಡತಿ ನಾಚುತ್ತ ಹೆಪ್ಪು ಕೇಳಿದಳು. ಅವ್ವ ಒಂದು ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಟ್ಟಳು. ಕೆಲವು ದಿನಗಳ ಮೇಲೆ ಡಬ್ಬಿ ಕೊರಿಯರಿನಲ್ಲಿ ಮರಳಿ ಬಂತು. ಒಳಗೆ ತುಂಬ ಗೋಡಂಬಿ ಇತ್ತು. ಅವ್ವ ಅದರಲ್ಲಿ ಅರ್ಧವನ್ನು ಬಟ್ಟಲಿಗೆ ಸುರಿದುಕೊಂಡು ಹುಸೇನಬಿ ಕಾಕಿಯ ಮನೆಗೆ ಹೋದಳು.