ಪ್ರಸ್ಥಾನಕ್ಕೆ ಇಟ್ಟ ಚೀಲ

ಶಕುನ, ರಾಹುಕಾಲ, ಒಳ್ಳೆಯ ದಿನ, ಕೆಟ್ಟ ದಿನ ಇವೆಲ್ಲ ಕೆಲಸವಿಲ್ಲದವರ ಕಸುಬು ಎಂದು ಆಫೀಸಿನಲ್ಲಿ ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದವನು ನಾನು. ಈಗಲೂ ಪಂಚಾಂಗ ನೋಡಿ ಮನೆ ಬಿಡುವವನಲ್ಲ. ಆದರೆ ಒಂದು ಚೀಲದ ವಿಷಯ ಬಂದರೆ ಮಾತ್ರ ನನ್ನ ಬಾಯಿ ಕಟ್ಟಿಹೋಗುತ್ತದೆ. ನೀವು ನಂಬಬೇಕೆಂದು ನನ್ನ ಹಠವೇನಿಲ್ಲ, ನನಗೇ ಇನ್ನೂ ನಂಬಲಾಗಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಶಿವಮೊಗ್ಗದ ಸವಳಂಗ ರಸ್ತೆಯ ಬಾಡಿಗೆ ಮನೆಯಲ್ಲಿ ನಾನು, ಅಮ್ಮ ಇಬ್ಬರೇ ಇದ್ದೆವು. ಅಮ್ಮನ ಕಣ್ಣಿನ ನರ ಒಣಗುತ್ತಿದೆ, ವರ್ಷದೊಳಗೆ ದೃಷ್ಟಿ ಪೂರ್ತಿ ಹೋಗಬಹುದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಮ್ಮ ಅಳಲಿಲ್ಲ. "ಅಷ್ಟ್ರೊಳಗೆ ಒಂದ್ಸಲ ಕನ್ಯಾಕುಮಾರಿ ತೋರಿಸ್ಬಿಡು" ಎಂದಳು. ಮೂರು ಸಮುದ್ರ ಒಂದೇ ಕಡೆ ಸೇರುವುದನ್ನು ನೋಡಬೇಕೆಂಬುದು ಅವಳ ಬಹಳ ವರ್ಷಗಳ ಆಸೆ.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಭದ್ರಾವತಿಯಲ್ಲಿ ರಫೀಕ್ ಎಂಬ ಗೆಳೆಯನಿದ್ದ, ಸ್ವಂತ ವ್ಯಾನು ಓಡಿಸುತ್ತಿದ್ದ. ಅಲ್ಲಿನ ಕಾರ್ಖಾನೆಯ ಎರಡು ಸಂಸಾರಗಳನ್ನು ಕೋವಳಂ, ಕನ್ಯಾಕುಮಾರಿಗೆ ಕರೆದೊಯ್ಯಲಿದ್ದವನು ನಮಗೂ ಎರಡು ಸೀಟು ಹಿಡಿದಿಟ್ಟ. ನಾನು ದಿನಕ್ಕೆರಡು ಸಲ ಎಸ್‌ಟಿಡಿ ಬೂತಿಗೆ ಓಡಿ ಅವನ ತಲೆ ತಿನ್ನುತ್ತಿದ್ದೆ. ಯಾವ ದಿನ ಎಲ್ಲಿ ಊಟ, ಎಲ್ಲಿ ತಂಗುವುದು ಎಂದು ಹಾಳೆಯಲ್ಲಿ ಬರೆದು, ಹರಿದು, ಮತ್ತೆ ಬರೆದೆ. ವ್ಯಾನು ಹೊರಡುವುದು ಮಂಗಳವಾರ ಎಂದಾಯಿತು.

ಅಮ್ಮ ತಕರಾರು ತೆಗೆದಳು. "ಮಂಗಳವಾರ ಹೊಸ್ತಿಲು ದಾಟ್ಬಾರ್ದು ಕಣೋ. ಭಾನುವಾರವೇ ಪ್ರಸ್ಥಾನ ಇಟ್ಟು ಬಾ."

ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮೊದಲೇ ಒಂದು ಒಳ್ಳೆಯ ದಿನ ಹೋಗುವವರ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟು ಬರುವುದೇ ಪ್ರಸ್ಥಾನ. ಬಟ್ಟೆ ಹೊರಟರೆ ಮನುಷ್ಯ ಹೊರಟ ಹಾಗೆ ಲೆಕ್ಕ. ರಫೀಕನ ಮನೆ ಆಗಬಹುದಾ ಎಂದು ಕಿಚಾಯಿಸಿದೆ. "ಗಾಡಿ ಅಲ್ಲಿಂದಲೇ ಹೊರಡೋದಲ್ವಾ, ಇನ್ನೂ ಒಳ್ಳೇದು" ಎಂದಳು. ಅವಳ ಹಸಿರು ನೂಲಿನ ಸೀರೆಯನ್ನು ಚೀಲಕ್ಕೆ ತುರುಕಿದೆ. ನನ್ನದೂ ಒಂದು ಅಂಗಿ ಇಡಬೇಕಿತ್ತು. ಇದ್ದ ಒಳ್ಳೆಯ ಅಂಗಿ ಸೋಮವಾರ ಆಫೀಸಿಗೆ ಬೇಕು, ಯಾರು ನೋಡುತ್ತಾರೆ ಎಂದು ಬಿಟ್ಟೆ. "ನಿಂದೂ ಇಟ್ಯಾ?" ಎಂದು ಅಮ್ಮ ಕೇಳಿದಾಗ ಇಟ್ಟೆ ಎಂದು ಸುಳ್ಳು ಹೇಳಿದೆ. ಚೀಲದ ಬಾಯಿಗೆ ಹುರಿಯಿಂದ ಮೂರು ಗಂಟು ಹಾಕಿ, ಬಸ್ಸು ಹತ್ತಿ ಭದ್ರಾವತಿಗೆ ಹೋಗಿ, ರಫೀಕನ ಮನೆಯ ಹಜಾರದ ಗೂಟಕ್ಕೆ ನೇತುಹಾಕಿ ಬಂದೆ.

ಸೋಮವಾರ ಸಂಜೆ ಅಮ್ಮನಿಗೆ ಜ್ವರ ಬಂತು. ಮೈ ಕೆಂಡದಂತೆ ಸುಡುತ್ತಿತ್ತು. ಮಂಗಳವಾರ ಬೆಳಗ್ಗೆ ವ್ಯಾನು ನಮ್ಮನ್ನು ಬಿಟ್ಟು ಹೊರಟಿತು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಹಾಳೆ ಹಿಡಿದುಕೊಂಡು, ಈಗ ಇಲ್ಲಿರುತ್ತಾರೆ, ಈಗ ಅಲ್ಲಿರುತ್ತಾರೆ ಎಂದು ಹಜಾರದಲ್ಲಿ ಶತಪಥ ಹಾಕಿದೆ.

ಗುರುವಾರ ಮಧ್ಯಾಹ್ನ ಹಾಳೆಯ ಪ್ರಕಾರ ಅವರು ಕನ್ಯಾಕುಮಾರಿಯಲ್ಲಿರಬೇಕಿತ್ತು. ಅಮ್ಮ ಊಟದ ಹೊತ್ತಿಗೆ ಮಲಗಿದವಳು ಕೂಗಿದರೂ ಏಳಲಿಲ್ಲ. ಉಸಿರು ಮಾತ್ರ ಸರಾಗವಾಗಿತ್ತು. ನಾಲ್ಕೂವರೆಗೆ ತಾನಾಗಿಯೇ ಎದ್ದು ಕೂತು, "ಕಾಲಿಗೆ ಒಂಚೂರು ನೀರು ಕೊಡೋ, ಮರಳು ಅಂಟಿದೆ" ಎಂದಳು. ಪಾದ ನೋಡಿದೆ, ಶುಭ್ರವಾಗಿತ್ತು. ಜ್ವರದ ಕನವರಿಕೆ ಎಂದುಕೊಂಡು ನೀರು ಕೊಟ್ಟೆ. ಆ ಸಂಜೆಯೇ ಜ್ವರ ಇಳಿಯಿತು.

ಮರುದಿನ ಚೀಲ ತರಲು ಹೋದೆ. ವ್ಯಾನು ಇನ್ನೂ ವಾಪಸು ಬಂದಿರಲಿಲ್ಲ. ರಫೀಕನ ಹೆಂಡತಿ ಗೂಟದಿಂದ ಚೀಲ ಇಳಿಸಿಕೊಟ್ಟರು. ನಾನು ಹಾಕಿದ ಮೂರು ಗಂಟೂ ಹಾಗೇ ಇದ್ದವು, ಆದರೆ ಚೀಲ ಭಾರವಾಗಿತ್ತು. ಅಲ್ಲೇ ಬಿಚ್ಚಿದೆ. ಸೀರೆಯ ಅಂಚು ಮೊಣಕಾಲಿನಷ್ಟು ಎತ್ತರಕ್ಕೆ ಒದ್ದೆಯಾಗಿತ್ತು, ಮಡಿಕೆಗಳಲ್ಲಿ ಮರಳಿತ್ತು.

"ಯಾರೂ ಮುಟ್ಟಿಲ್ಲ ಅಣ್ಣ, ಅಲ್ಲಾನ ಆಣೆ. ಮಕ್ಕಳಿಗೂ ಹತ್ರ ಹೋಗೋಕೆ ಬಿಟ್ಟಿಲ್ಲ" ಎಂದು ಆಕೆ ಗಾಬರಿಯಾದರು. ಪಾಪ, ಆಕೆಯನ್ನು ಏನೆಂದು ಕೇಳಲಿ? ಸೂರು ಸೋರುವ ಕಾಲವಲ್ಲ. ಮರಳು ಭದ್ರಾ ಹೊಳೆಯದ್ದೂ ಅಲ್ಲ, ಅರ್ಧ ಕಪ್ಪು, ಅರ್ಧ ಇಟ್ಟಿಗೆ ಪುಡಿಯ ಬಣ್ಣ. ಮುಂದಿನ ವಾರ ರಫೀಕ್ ಬಂದವನು ಕನ್ಯಾಕುಮಾರಿಯಲ್ಲಿ ಮಾರುವ ಬಣ್ಣದ ಮರಳಿನ ಪೊಟ್ಟಣ ಕೊಟ್ಟ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ, ವ್ಯತ್ಯಾಸ ಕಾಣಲಿಲ್ಲ.

ಸೀರೆ ಒಗೆದು ಮಡಚಿಟ್ಟೆ. ಅಮ್ಮನಿಗೆ ಏನೂ ಹೇಳಲಿಲ್ಲ. ಮತ್ತೆ ರಜೆ ಸಿಗುವ ಮೊದಲೇ ಅವಳ ಕಣ್ಣು ಪೂರ್ತಿ ಹೋಯಿತು. ವಿಚಿತ್ರವೆಂದರೆ, ಅಮ್ಮ ಕನ್ಯಾಕುಮಾರಿಯ ಮಾತನ್ನು ಇನ್ನೊಮ್ಮೆ ಎತ್ತಲಿಲ್ಲ. ಎರಡು ವರ್ಷ ನುಂಗಿಕೊಂಡಿದ್ದ ಸಂಕಟ ಒಂದು ಸಂಜೆ ತಡೆಯದೆ ಹೊರಬಿತ್ತು. "ನಿನಗೆ ಸಮುದ್ರ ತೋರಿಸೋಕೆ ಆಗಲಿಲ್ಲವಲ್ಲಮ್ಮ" ಎಂದೆ.

ಅಮ್ಮ ನನ್ನ ಕೈ ಹುಡುಕಿ ಹಿಡಿದುಕೊಂಡಳು. "ನಿಂದೂ ಒಂದು ಅಂಗಿ ಇಟ್ಟಿದ್ರೆ ಆಗ್ತಿತ್ತಲ್ಲ ಮಾರಾಯ" ಎಂದಳು. "ಅಲ್ಲಿ ನಂಗೊಬ್ಳಿಗೇ ಬೇಜಾರಾಯ್ತು."

ಅಂಗಿ ಇಟ್ಟಿರಲಿಲ್ಲವೆಂದು ನಾನು ಯಾರಿಗೂ ಹೇಳಿರಲಿಲ್ಲ. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುವ ಧೈರ್ಯ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ. ಈಗ ಕೇಳೋಣವೆಂದರೆ ಅಮ್ಮ ಇಲ್ಲ.